ಮೂಡಿಗೆರೆಯ ಖಾಲಿ ಮನೆ ಮಾರಬೇಕು, ಬಾಗಿಲು ತೆಗೆದರೆ ವಾಸನೆ

ಬೀಗದಕೈ_ಹಾಸನ · ಅಕ್ಟೋಬರ್ 26

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮೂಡಿಗೆರೆ ಪೇಟೆ ಮುಗಿಯುವ ಕಡೆ ನಮ್ಮದೊಂದು ಹೆಂಚಿನ ಮನೆ ಇದೆ. ಅಪ್ಪ 1987ರಲ್ಲಿ ಕೊಂಡಾಗಲೇ ಅದು ಹಳೆ ಮನೆ. ಮುಂದೆ ಜಗುಲಿ, ಒಳಗೆ ಪಡಸಾಲೆ, ಎರಡು ಕೋಣೆ, ಅಡುಗೆಮನೆ, ಮೇಲೆ ಮರದ ಅಟ್ಟ. ಹಿಂದುಗಡೆ ಹಂಡೆ ಒಲೆ ಇರುವ ಬಚ್ಚಲು. ಅದಕ್ಕೆ ಅಂಟಿಕೊಂಡು ಅಪ್ಪ ಆಮೇಲೆ ಕಟ್ಟಿಸಿದ ಆರ್‌ಸಿಸಿ ಟಾಯ್ಲೆಟ್. ಗೋಡೆ ಮಣ್ಣಿನದು, ನೆಲ ಪೂರ್ತಿ ರೆಡ್ ಆಕ್ಸೈಡ್.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಂದು ವರ್ಷ ಒಬ್ಬರೇ ಅಲ್ಲಿದ್ದರು. ಮಂಡಿ ನೋವು ಜಾಸ್ತಿಯಾಗಿ ಹಾಸನಕ್ಕೆ ನಮ್ಮ ಮನೆಗೆ ಬಂದರು. ಅವತ್ತಿನಿಂದ ಅಲ್ಲಿ ಬೀಗ. ಎರಡು ಮಳೆಗಾಲ ಕಳೆದಿದೆ. ಬೇಲೂರು ಮೇಲೆ ಬಸ್ಸಿನಲ್ಲಿ ಹೋದರೆ ಎರಡು ಗಂಟೆಯ ದಾರಿ ಅಷ್ಟೇ, ಆದರೂ ತಿಂಗಳಿಗೊಮ್ಮೆ ಹೋದರೆ ಹೆಚ್ಚು. ಕೆಲಸ, ಮಗನ ಪರೀಕ್ಷೆ, ಏನೋ ಒಂದು ಅಡ್ಡ ಬರುತ್ತದೆ.

ಈ ಯುಗಾದಿಗೆ ಮಾರುವುದು ಅಂತ ತೀರ್ಮಾನ ಆಯಿತು. ಅಮ್ಮನೇ ಮೊದಲು ಬಾಯಿ ಬಿಟ್ಟಿದ್ದು. "ಬಿದ್ದ ಮೇಲೆ ಮಾರೋದಕ್ಕಿಂತ ನಿಂತಿರುವಾಗ ಮಾರಿ" ಅಂದರು. ಮೇ ತಿಂಗಳಲ್ಲಿ ಒಬ್ಬ ಪೇಂಟರ್ ಹಿಡಿದು ಒಳಗೋಡೆಗೆಲ್ಲ ಒಳ್ಳೆ ಪ್ಲಾಸ್ಟಿಕ್ ಪೇಂಟ್ ಹೊಡೆಸಿದೆ. ಮೂವತ್ತೆಂಟು ಸಾವಿರ ಆಯಿತು. ಬ್ರೋಕರ್‌ಗೆ ಹೇಳುವಷ್ಟರಲ್ಲಿ ಮಳೆ ಬಂತು, ಮಳೆಯ ಬೆನ್ನಿಗೆ ಆಷಾಢ. ಆಷಾಢದಲ್ಲಿ ಮನೆ ನೋಡಲು ಯಾರು ಬರುತ್ತಾರೆ? ಶ್ರಾವಣದಲ್ಲಿ ಬಾಗಿಲು ತೆಗೆದಾಗ ಬಣ್ಣ ಪೂರಿ ಉಬ್ಬಿದ ಹಾಗೆ ಉಬ್ಬಿತ್ತು. ಉಗುರು ತಾಗಿಸಿದರೆ ಅಂಗೈ ಅಗಲ ಹಪ್ಪಳ ಕಿತ್ತು ಬರುತ್ತದೆ, ಒಳಗೆ ಗೋಡೆ ಒದ್ದೆ.

ಅಲ್ಲಿಂದ ಇಲ್ಲಿಯವರೆಗೆ ಮೂರು ಪಾರ್ಟಿ ಬಂದು ನೋಡಿದ್ದಾರೆ. ಬೆಂಗಳೂರಿನ ಗಂಡ ಹೆಂಡತಿ ಹೋಂಸ್ಟೇಗೆ ಅಂತ ಬಂದರು. ಆಕೆ ಹೊಸಿಲು ದಾಟಿದ ಕೂಡಲೆ ದುಪ್ಪಟ್ಟಾ ಮೂಗಿಗೆ ಹೋಯಿತು, ಹೊರಗೆ ಹೋಗುವವರೆಗೂ ಕೆಳಗಿಳಿಯಲಿಲ್ಲ. ಎರಡನೆಯವರು ಬಣಕಲ್ ಕಡೆಯ ಮೇಷ್ಟ್ರು. ಕಂಬಕ್ಕೆ ಬೆರಳಿಂದ ತಟ್ಟಿ ನೋಡಿದರು, ಬಾವಿಗೆ ಇಣುಕಿದರು, ಎಲ್ಲ ಇಷ್ಟ ಆಯಿತು. ಹೋಗುವಾಗ "ಮನೆ ಚೆನ್ನಾಗಿದೆ ಮೇಡಂ, ಆದರೆ ಒಳಗೆ ಏನೋ ಸತ್ತಿರೋ ಹಾಗಿದೆ" ಅಂದರು. ಮೂರನೆಯವರು ಬರುವ ದಿನ ಬುದ್ಧಿವಂತಿಕೆ ಮಾಡಿ ಒಂದು ಪ್ಯಾಕೆಟ್ ಊದುಬತ್ತಿ ಪೂರ್ತಿ ಹಚ್ಚಿದೆ. ಆತ ಜಗುಲಿಯಲ್ಲೇ ನಿಂತು ನಕ್ಕ. "ಏನು ಮುಚ್ಚಿಡ್ತಿದ್ದೀರಿ?" ಅಂತ ಕೇಳಿಯೇಬಿಟ್ಟ. ಮುಖ ಎಲ್ಲಿ ಇಟ್ಟುಕೊಳ್ಳಲಿ ಅನ್ನಿಸಿತು.

ವಾಸನೆ ಹೇಗಿದೆ ಅಂದರೆ, ಒದ್ದೆ ಗೋಣಿಚೀಲದ್ದು, ಬೂಷ್ಟು ಹಿಡಿದ ಹಳೆ ಪುಸ್ತಕದ್ದು. ಅದರ ಅಡಿಯಲ್ಲಿ ಇನ್ನೊಂದಿದೆ, ಚರಂಡಿ ತರಹದ್ದು. ಇಲಿ ಸತ್ತಿದೆಯಾ ಅಂತ ಹುಡುಕಿದೆ, ಸಿಗಲಿಲ್ಲ.

ದೀಪಾವಳಿಗೆ ತಮ್ಮ ಪುಣೆಯಿಂದ ಬಂದಿದ್ದ. ಹಾಸನಾಂಬೆ ದರ್ಶನದ ಸಾಲಿನಲ್ಲಿ ನಾಲ್ಕು ಗಂಟೆ ನಿಂತಾಗಲೂ ಇದೇ ಮಾತು. ಅವನ ಪ್ರಕಾರ ರೆಡ್ ಆಕ್ಸೈಡ್ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಕಿಸಬೇಕು, ಅಟ್ಟ ಕಾಣದ ಹಾಗೆ ಪಿವಿಸಿ ಸೀಲಿಂಗ್ ಹೊಡೆಸಬೇಕು, ಮತ್ತೆ ಬಣ್ಣ. ಮೂರೂವರೆ ಲಕ್ಷ ಅಂತ ಎಸ್ಟಿಮೇಟ್ ತರಿಸಿದ್ದಾನೆ. ನನಗೇನೋ ಹೊಟ್ಟೆ ಕಿವುಚುತ್ತದೆ. ಒಂದು ಸಲ ಸುಟ್ಟುಕೊಂಡಾಗಿದೆಯಲ್ಲ.

ಆ ದುಡ್ಡು ಹಾಕಿದರೆ ವಾಪಸ್ ಬರುತ್ತದೆಯಾ? ಈ ವಾಸನೆ ಎಲ್ಲಿಂದ ಬರುತ್ತಿದೆ? ಮಾರಾಟ ಆಗುವವರೆಗೆ ದೂರದಿಂದಲೇ ಮನೆ ನೋಡಿಕೊಳ್ಳುವುದು ಹೇಗೆ? ಅನುಭವ ಇದ್ದವರು ಹೇಳಿ.

ಕೈಮರದ_ತಿರುವು · ಅಕ್ಟೋಬರ್ 26

ಚಿಕ್ಕಮಗಳೂರಿನಲ್ಲಿ ನಮ್ಮ ಅಪ್ಪ ಅಮ್ಮನ ಮನೆಯನ್ನು ಹೀಗೇ ಒಂದೂವರೆ ವರ್ಷ ಖಾಲಿ ಇಟ್ಟು ಮಾರಿದವನು ನಾನು. ನೀವೇ ಅರ್ಧ ಉತ್ತರ ಬರೆದಿದ್ದೀರಿ. ವಾಸನೆ ಎರಡು, ಒಂದಲ್ಲ. ಬೇರೆ ಬೇರೆ ಮಾಡಿ ನೋಡಿ.

ಚರಂಡಿ ವಾಸನೆ ಸುಲಭದ್ದು. ಬಚ್ಚಲಲ್ಲಿ ನೀರು ಹೋಗುವ ಜಾಲರಿಯ ಕೆಳಗೆ ಟ್ರಾಪ್ ಇರುತ್ತದಲ್ಲ, ಅದರ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಂತಿರಬೇಕು. ಆ ನೀರೇ ಮುಚ್ಚಳ. ಮನೆಯಲ್ಲಿ ಯಾರೂ ಇಲ್ಲದೆ ಕೆಲವು ವಾರ ಹೋದರೆ ನೀರು ಆರಿ ಗುಂಡಿಯ ಗಾಳಿ ನೇರ ಒಳಗೆ ಬರುತ್ತದೆ, ಜಿರಳೆಯೂ ಅದೇ ದಾರಿಯಲ್ಲಿ ಬರುತ್ತದೆ. ಕಮೋಡ್, ವಾಷ್‌ಬೇಸಿನ್, ಅಡುಗೆಮನೆ ಸಿಂಕ್, ಎಲ್ಲಕ್ಕೂ ಇದೇ ಕಥೆ. ಹೋದಾಗಲೆಲ್ಲ ಒಂದೊಂದಕ್ಕೂ ಒಂದು ಚೊಂಬು ನೀರು ಹಾಕಿ, ಬೀಗ ಹಾಕುವ ಮೊದಲು ಮೇಲೆ ಒಂದು ಚಮಚ ಎಣ್ಣೆ ಬಿಡಿ. ಎಣ್ಣೆ ತೇಲುತ್ತದೆ, ನೀರು ಬೇಗ ಆರುವುದಿಲ್ಲ. ಕೊಬ್ಬರಿ ಎಣ್ಣೆ ಬೇಡ, ನಿಮ್ಮ ಮೂಡಿಗೆರೆ ಚಳಿಗೆ ಮೇಣದ ಹಾಗೆ ಗಟ್ಟಿಯಾಗಿ ಕೂರುತ್ತದೆ. ಸೂರ್ಯಕಾಂತಿ ಎಣ್ಣೆ ಸಾಕು.

ಬೂಷ್ಟಿನ ವಾಸನೆಗೆ ಹಾಸಿಗೆ, ದಿಂಬು, ಹಳೆ ಬಟ್ಟೆಯ ಟ್ರಂಕು, ಪೇಪರ್ ಕಟ್ಟು ಹುಡುಕಿ. ಹತ್ತಿ ಹಾಸಿಗೆ ಒಂದು ಮಳೆಗಾಲ ಕುಡಿದರೆ ಮುಗಿಯಿತು. ಬಿಸಿಲಿಗೆ ಹಾಕಿ ಉಳಿಸುವ ಆಸೆ ಬೇಡ, ಎಸೆಯಿರಿ. ಫ್ರಿಜ್ ಇದ್ದರೆ ವೈರ್ ಕಿತ್ತು ಬಾಗಿಲು ತೆರೆದಿಡಿ. ಬೀರುಗಳ ಬಾಗಿಲೂ ತೆರೆದೇ ಇರಲಿ. ಯುಪಿಎಸ್ ಬ್ಯಾಟರಿ ಇದ್ದರೆ ಹಾಸನಕ್ಕೆ ತನ್ನಿ, ಅಲ್ಲಿ ಸುಮ್ನೆ ಸಾಯುತ್ತದೆ.

ಕೊಂಡವನ_ಕಡೆಯಿಂದ · ಅಕ್ಟೋಬರ್ 27

ನಾನು ಆ ಕಡೆಯವನು. ಬೆಂಗಳೂರಿನಿಂದ ಬಂದು ನಾಲ್ಕು ವರ್ಷದ ಹಿಂದೆ ಬೇಲೂರು ಹತ್ತಿರ ಹಳೆ ಮನೆ ಕೊಂಡೆ. ಹದಿನೈದು ಮನೆ ನೋಡಿದ ಮೇಲೆ ಹೇಳುತ್ತಿದ್ದೇನೆ, ದಯವಿಟ್ಟು ಆ ನೆಲದ ಮೇಲೆ ಟೈಲ್ಸ್ ಹಾಕಬೇಡಿ. ರೆಡ್ ಆಕ್ಸೈಡ್ ನೆಲಕ್ಕಾಗಿಯೇ ನಾವು ಇಷ್ಟು ದೂರ ಬರುವುದು. ಈಗ ಅದನ್ನು ಸರಿಯಾಗಿ ಹಾಕುವ ಕೈಗಳೇ ಕಡಿಮೆ. ಸೋಪಿನ ನೀರಲ್ಲಿ ಒರೆಸಿ, ಒಣಗಿದ ಮೇಲೆ ಸ್ವಲ್ಪ ಎಣ್ಣೆಯೋ ಮೇಣದ ಪಾಲಿಶೋ ಹಾಕಿ ಬಟ್ಟೆಯಿಂದ ಉಜ್ಜಿ. ಆ್ಯಸಿಡ್ ಮಾತ್ರ ಮುಟ್ಟಿಸಬೇಡಿ, ಹೊಳಪು ಹೋದರೆ ವಾಪಸ್ ಬರುವುದಿಲ್ಲ.

ಇನ್ನೊಂದು ಮಾತು. ಹಳೆ ಮನೆಯಲ್ಲಿ ಹೊಸ ಬಣ್ಣ ಕಂಡರೆ ನನಗೆ ಭಯ. ಒಂದೇ ಗೋಡೆಗೆ ಹೊಸ ಬಣ್ಣ ಕಂಡರೆ ಇನ್ನೂ ಭಯ. ಪಿವಿಸಿ ಸೀಲಿಂಗ್ ಕಂಡರೆ ಅದರ ಮೇಲೇನಿದೆ ಅಂತ ತೋರಿಸುವವರೆಗೂ ನಾನು ರೇಟು ಮಾತಾಡುತ್ತಿರಲಿಲ್ಲ. ಹೆಂಚು ಹೊತ್ತ ಮರಗಳು, ಅಂದರೆ ಪಕಾಸು, ಅದರ ಮೇಲಿನ ರೀಪು ಪಟ್ಟಿ ಕಾಣಲಿ ಬಿಡಿ. ಎಲ್ಲಿ ಸೋರಿತ್ತು, ಯಾವಾಗ ರಿಪೇರಿ ಆಯಿತು ಅಂತ ನೀವೇ ತೋರಿಸಿದರೆ ಕೊಳ್ಳುವವನಿಗೆ ಅರ್ಧ ಧೈರ್ಯ. ನಿಮ್ಮ ಊದುಬತ್ತಿ ಪಾರ್ಟಿ ನಕ್ಕಿದ್ದು ಅದಕ್ಕೇ, ಬೇಜಾರಾಗಬೇಡಿ.

ಸೈಟು_ಲೆಕ್ಕ · ಅಕ್ಟೋಬರ್ 27

ಇಷ್ಟೆಲ್ಲ ಯಾಕೆ? ಕೆಡವಿ, ಮರ ಹೆಂಚು ಬೇರೆ ಮಾರಿ, ಸೈಟ್ ಅಂತ ಮಾರಿ. ತಲೆನೋವು ಹೋಯಿತು.

ಬೀಗದಕೈ_ಹಾಸನ · ಅಕ್ಟೋಬರ್ 27

ಇದನ್ನು ಅಮ್ಮನಿಗೆ ಓದಿ ಹೇಳಿಲ್ಲ. ಹೇಳುವುದೂ ಇಲ್ಲ.

ಮೇಸ್ತ್ರಿ_ಸಕಲೇಶಪುರ · ಅಕ್ಟೋಬರ್ 28

ಅಕ್ಕಾ, ನಾನು ಇದೇ ಕೆಲಸದವನು. ನಿಮ್ಮ ಪೇಂಟರ್ ಮಾಡಿದ ತಪ್ಪು ಎಲ್ಲ ಕಡೆ ನೋಡುತ್ತಿದ್ದೇನೆ. ಮಣ್ಣಿನ ಗೋಡೆ ನೀರು ಕುಡಿಯುತ್ತದೆ, ಬಿಡುತ್ತದೆ. ಅದಕ್ಕೆ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಮಳೆ ಕೋಟು ಹಾಕಿಕೊಂಡು ಬೆವರಿದ ಹಾಗೆ. ನೀರು ಹೊರಗೆ ಬರಲು ದಾರಿ ಇಲ್ಲದೆ ಬಣ್ಣವನ್ನೇ ತಳ್ಳುತ್ತದೆ. ಈಗ ಉಬ್ಬಿದ್ದೆಲ್ಲ ಕೆರೆದು ತೆಗೆಸಿ, ಗೋಡೆ ಬರಿ ಮೈಯಲ್ಲಿ ಇರಲಿ. ಜನವರಿವರೆಗೆ ಆರಲಿ. ಆಮೇಲೆ ಸುಣ್ಣ ಹೊಡೆಸಿ. ತೆಳುವಾಗಿ ಮೂರು ಕೈ, ಕೊನೇ ಕೈಗೆ ಚಿಟಿಕೆ ನೀಲಿ. ನಿಮ್ಮ ಮೂವತ್ತೆಂಟು ಸಾವಿರದಲ್ಲಿ ಸಣ್ಣ ಭಾಗ ಸಾಕು.

ಆದರೆ ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ನೋಡಬೇಕು. ಕೆರೆದ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಟೇಪ್ ಹೊಡೆದು ಅಂಟಿಸಿ. ಒಂದು ದಿನ ಬಿಟ್ಟು ನೋಡಿ. ಹಾಳೆಯ ಒಳಮೈ, ಅಂದರೆ ಗೋಡೆ ಕಡೆ ನೀರು ಹನಿದಿದ್ದರೆ ಗೋಡೆಯೇ ಒದ್ದೆ. ಹೊರಮೈಯಲ್ಲಿ ಹನಿದಿದ್ದರೆ ಕೋಣೆಯ ಗಾಳಿಯದ್ದು, ಕಿಟಕಿ ತೆರೆದರೆ ಹೋಗುತ್ತದೆ.

ಗೋಡೆ ಒದ್ದೆ ಅಂತಾದರೆ ಹೊರಗೆ ಹೋಗಿ ಬುಡ ನೋಡಿ. ಎರಡು ವರ್ಷ ಗುಡಿಸದ ಮನೆಯ ಸುತ್ತ ತರಗೆಲೆ ಕೊಳೆತು ಮಣ್ಣಾಗಿ ಗೋಡೆಗೆ ಏರಿರುತ್ತದೆ. ಪಾಯದ ಕಲ್ಲು ಮುಚ್ಚುವಷ್ಟು ಏರಿದರೆ ಮಣ್ಣಿನ ನೀರು ನೇರ ಗೋಡೆಗೆ. ಒಂದು ಗೇಣು ಕೆಳಗೆ ಇಳಿಯುವ ಹಾಗೆ ಕೆತ್ತಿಸಿ, ಸೂರಿನ ನೀರು ಬೀಳುವ ಕಡೆ ಸಣ್ಣ ಕಾಲುವೆ ಮಾಡಿಸಿ. ಮಳೆಗಾಲಕ್ಕೆ ಮುಂಚೆ ಪಡುವಣದ ಗೋಡೆಗೆ ಇರಚಲು ಹೊಡೆಯದ ಹಾಗೆ ಅಡಿಕೆ ಸೋಗೆ ಕಟ್ಟುತ್ತಿದ್ದರಲ್ಲ, ನಿಮ್ಮ ಅಪ್ಪ ಕಟ್ಟಿಸುತ್ತಿರಲಿಲ್ಲವಾ? ಈಗ ಸೋಗೆ ಸಿಗದಿದ್ದರೆ ಶೇಡ್ ನೆಟ್ ಆದರೂ ಕಟ್ಟಿ.

ಸೂರು ನೋಡಲು ಮಧ್ಯಾಹ್ನ ಹನ್ನೆರಡರ ಬಿಸಿಲಿಗೆ ಅಟ್ಟ ಹತ್ತಿ, ಕಿಟಕಿ ಮುಚ್ಚಿ, ಕತ್ತಲೆಯಲ್ಲಿ ಐದು ನಿಮಿಷ ಕೂತುಕೊಳ್ಳಿ. ಹೆಂಚು ಸರಿದ ಕಡೆ, ಒಡೆದ ಕಡೆ ಬೆಳಕಿನ ಚುಕ್ಕಿ ಕಾಣುತ್ತದೆ. ಅಲ್ಲೇ ರೀಪಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಕೋತಿ ಕಾಟ ಇರುವ ಊರು ನಿಮ್ಮದು, ಒಂದೆರಡು ಒಡೆದೇ ಇರುತ್ತದೆ. ಹೊಸ ಹೆಂಚು ತರುವ ಮೊದಲು ಹಳೆಯದೊಂದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ಒಂದು ಕಾರ್ಖಾನೆ ಹೆಂಚಿನ ಗಾಡಿಗೆ, ಅಂದರೆ ಜೋಡಿಸುವ ಕೊರಕಲಿಗೆ, ಇನ್ನೊಂದರದ್ದು ಕೂರುವುದಿಲ್ಲ, ಕೂತರೂ ಸೋರುತ್ತದೆ. ಪೂರ್ತಿ ಕೈಯಾಡಿಸುವುದಾದರೆ, ಅಂದರೆ ಹೆಂಚೆಲ್ಲ ತೆಗೆದು ಮತ್ತೆ ಹೊದಿಸುವುದಾದರೆ, ಏಪ್ರಿಲ್‌ಗೆ ಇಟ್ಟುಕೊಳ್ಳಿ. ಈಗ ಕಾಫಿ ಕುಯ್ಲು ಶುರು, ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೇಳಿ ನೀವೇ ಏಣಿ ಹತ್ತುತ್ತೀರಿ.

ಬೀಗದಕೈ_ಹಾಸನ · ನವೆಂಬರ್ 4

ಭಾನುವಾರ ಹೋಗಿ ಬಂದೆ. ಮಗನನ್ನೂ ಎಳೆದುಕೊಂಡು ಹೋದೆ. ನೀವೆಲ್ಲ ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ.

ಟ್ರಾಪ್ ವಿಷಯ ನೂರಕ್ಕೆ ನೂರು. ಬಚ್ಚಲ ಜಾಲರಿ ತೆಗೆದರೆ ಒಳಗೆ ಎಲುಬಿನ ಹಾಗೆ ಒಣಗಿತ್ತು. ನಾಲ್ಕು ಕಡೆ ನೀರು ಹಾಕಿದೆ, ಎಣ್ಣೆ ಬಿಟ್ಟೆ, ಊಟ ಮುಗಿಸಿ ಬರುವಷ್ಟರಲ್ಲಿ ಆ ವಾಸನೆ ಇಲ್ಲ. ಇಷ್ಟು ದಿನ ಇದಕ್ಕೆ ಫಿನಾಯಿಲ್ ಸುರಿದಿದ್ದೆ.

ಹಿಂದಿನ ಗೋಡೆಯ ಬುಡ ಹುಡುಕಲು ಮಗ ಗುದ್ದಲಿ ತಗೊಂಡ. ಮೊಣಕಾಲಿನ ಅರ್ಧದವರೆಗೆ ಹಲಸಿನ ಎಲೆಯ ಮಣ್ಣು. ಅದರ ಕೆಳಗೆ ಪಾಯದ ಕಲ್ಲು ಇದೆ ಅನ್ನುವುದೇ ನನಗೆ ಮರೆತುಹೋಗಿತ್ತು. ಚಿಕ್ಕವಳಿದ್ದಾಗ ಆ ಕಲ್ಲಿನ ಮೇಲೆ ಕೂತು ಬಟ್ಟೆ ಒಣಗುವುದನ್ನು ಕಾಯುತ್ತಿದ್ದೆ.

ಆಮೇಲೆ ಅಟ್ಟ. ಮೇಸ್ತ್ರಿಯವರು ಹೇಳಿದ ಹಾಗೆ ಕತ್ತಲು ಮಾಡಿ ಕೂತೆವು. ಏಳು ಚುಕ್ಕಿ ಎಣಿಸಿದೆವು. ಒಂದು ಚುಕ್ಕಿಯಲ್ಲ, ಬಿಲ್ಲೆ. ಅದರ ನೇರ ಕೆಳಗೆ, ಹಳೆ ತೊಟ್ಟಿಲಿನ ಹಿಂದೆ, ಎರಡು ಗೋಣಿಚೀಲ. ಮುಟ್ಟಿದರೆ ಮೆತ್ತಗೆ. ಬಿಚ್ಚಿದರೆ ಹಸಿರು ಬಿಳಿ ಬೂಷ್ಟು, ಒಳಗೆ ಕರಿ ಮುದ್ದೆ. ಅಪ್ಪ ಮನೆ ಖರ್ಚಿಗೆ ಅಂತ ಪ್ರತಿ ವರ್ಷ ಯಾರದೋ ತೋಟದಿಂದ ತಂದಿಡುತ್ತಿದ್ದ ಚೆರ್ರಿ ಕಾಫಿ. ಒಣಗಿಸಿ, ಚೀಲ ಹೊಲಿದು, ಮೇಲೆ ಇದ್ದಿಲಲ್ಲಿ ವರ್ಷ ಬರೆದಿಡುವುದು ಅವರ ಅಭ್ಯಾಸ. ಕೊನೆಯ ಸಲ ತಂದದ್ದನ್ನು ಅಮ್ಮನೂ ಮರೆತಿದ್ದರು. ಎರಡು ಮಳೆಗಾಲ ಹೆಂಚಿನ ತೂತಿನಿಂದ ನೀರು ಕುಡಿದಿದೆ. ಮೇಷ್ಟ್ರಿಗೆ ಏನೋ ಸತ್ತ ಹಾಗೆ ಅನ್ನಿಸಿದ್ದು ಇದೇ.

ಕೆಳಗೆ ಇಳಿಸುವಾಗ ಒಂದು ಚೀಲ ಹರಿಯಿತು. ಏಣಿ ಪೂರ್ತಿ, ಮಗನ ತಲೆ ಪೂರ್ತಿ ಆ ಮುದ್ದೆ. ಅವನು ಇನ್ನೆರಡು ವರ್ಷ ನನ್ನ ಜೊತೆ ಮೂಡಿಗೆರೆಗೆ ಬರುವುದಿಲ್ಲವಂತೆ. ಹಿತ್ತಲಲ್ಲಿ ಗುಂಡಿ ತೋಡಿ ಹಾಕಿದೆವು. ತಮ್ಮನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಟೈಲ್ಸ್ ಬೇಡ ಬಿಡು" ಅಂದ.

ಒಂದು ಹೊಸ ಚಿಂತೆ. ಅಟ್ಟದ ಹಲಗೆ ಮೇಲೆ, ಎರಡು ಪಕಾಸಿನ ಕೆಳಗೆ, ಗೋಧಿಹಿಟ್ಟಿನ ಹಾಗೆ ಪುಡಿ ಉದುರಿದೆ. ಗೆದ್ದಲಾ?

ಆಲ್ದೂರು_ಅಜ್ಜ · ನವೆಂಬರ್ 5

ಅದು ಗೆದ್ದಲಲ್ಲ ತಾಯಿ, ಕುಟ್ಟೆ ಹುಳ. ಗೆದ್ದಲು ಗೋಡೆ ಮೇಲೆ ಮಣ್ಣಿನ ಗೆರೆ ಎಳೆದುಕೊಂಡು ಬರುತ್ತದೆ. ಇದು ಮರದೊಳಗೇ ಇದ್ದು ಹಿಟ್ಟು ಬೀಸುತ್ತದೆ. ಚಾಕುವಿನ ಮೊನೆ ಚುಚ್ಚಿ ನೋಡು. ಮೇಲಿನ ಬಿಳಿ ಭಾಗದಲ್ಲಿ ಮಾತ್ರ ಇಳಿದರೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಬಳಿಸಿದರೆ ಸಾಕು. ಒಳಗಿನ ಚೇಗಿನವರೆಗೂ, ಅಂದರೆ ಗಟ್ಟಿ ತಿರುಳಿನವರೆಗೂ, ಸಲೀಸಾಗಿ ಇಳಿದರೆ ಆ ಪಕಾಸು ಬದಲಾಯಿಸು. ಗೇರೆಣ್ಣೆ ಬರಿಗೈಯಲ್ಲಿ ಮುಟ್ಟಬೇಡ, ಚರ್ಮ ಸುಡುತ್ತದೆ.

ಇನ್ನೊಂದು ಕೇಳುತ್ತೇನೆ. ಬಚ್ಚಲ ಒಲೆ ಹಚ್ಚಿ ಎಷ್ಟು ದಿನ ಆಯಿತು? ನಮ್ಮ ಕಡೆ ಮನೆಗಳಲ್ಲಿ ದಿನಾ ಬೆಳಿಗ್ಗೆ ಹಂಡೆ ಒಲೆ, ಅಡುಗೆ ಒಲೆ ಉರಿಯುತ್ತಿತ್ತು. ಆ ಹೊಗೆ ಅಟ್ಟಕ್ಕೆ ಏರಿ ಹೆಂಚಿನ ಸಂದಿಯಿಂದ ಹೋಗುತ್ತಿತ್ತು. ಪಕಾಸೆಲ್ಲ ಕರಿ ಬಣ್ಣ ಆಗಿರುವುದು ಯಾಕೆ ಅಂದುಕೊಂಡೆ? ಆ ಮಸಿಯೇ ಮರಕ್ಕೆ ಔಷಧಿ. ಹೊಗೆ ಇರುವ ಕಡೆ ಹುಳ ನಿಲ್ಲುತ್ತಿರಲಿಲ್ಲ, ಮಳೆಗಾಲದಲ್ಲೂ ಸೂರು ಬೆಚ್ಚಗಿರುತ್ತಿತ್ತು. ಒಲೆ ಆರಿದ ಮನೆ ಎರಡು ಆಶ್ಲೇಷ ಮಳೆ ತಡೆದರೆ ಹೆಚ್ಚು.

ಅಲ್ಲೇ ಹತ್ತಿರದವರಿಗೆ ಕೀ ಕೊಟ್ಟು ವಾರಕ್ಕೆ ಒಂದು ದಿನ ಒಲೆ ಉರಿಸಲು ಹೇಳು. ಸೌದೆ ನಿನ್ನದೇ ಹಿತ್ತಲಲ್ಲಿ ಸಿಗುತ್ತದೆ. ಹಂಡೆಗೆ ನೀರು ತುಂಬಿಯೇ ಬೆಂಕಿ ಹಾಕಬೇಕು, ಖಾಲಿ ಹಂಡೆ ಕಾದರೆ ಹಾಳು. ಕೆಂಡ ಪೂರ್ತಿ ಆರುವವರೆಗೆ ಬೀಗ ಹಾಕಕೂಡದು. ಕಿಟಕಿ ಬೆಳಿಗ್ಗೆ ತೆಗೆದು ಸಂಜೆ ಮುಚ್ಚಲಿ. ಬಾವಿಯ ಮೋಟರ್ ಇದ್ದರೆ ಅದೇ ದಿನ ಹತ್ತು ನಿಮಿಷ ಓಡಿಸಲಿ, ಇಲ್ಲದಿದ್ದರೆ ಹಿಡಿದುಕೊಳ್ಳುತ್ತದೆ. ತೊಟ್ಟಿಯಲ್ಲಿ ನೀರು ಬಿಟ್ಟಿದ್ದರೆ ಮುಚ್ಚಿಡಿ, ಸೊಳ್ಳೆ ಸಾಕಿ ಊರಿಗೆ ಹಂಚಬೇಡಿ.

ಪತ್ರದ_ಕೆಲಸ · ನವೆಂಬರ್ 5

ಗೋಡೆ ಆರುವಷ್ಟರಲ್ಲಿ ಕಾಗದ ಸರಿ ಮಾಡಿಕೊಳ್ಳಿ. ಇಲ್ಲದಿದ್ದರೆ ಪಾರ್ಟಿ ಒಪ್ಪಿದ ಮೇಲೆ ನಾಲ್ಕು ತಿಂಗಳು ಕಚೇರಿ ಸುತ್ತುತ್ತೀರಿ, ಅಷ್ಟರಲ್ಲಿ ಅವರು ಬೇರೆ ಮನೆ ನೋಡಿರುತ್ತಾರೆ. ಖಾತೆ ಇನ್ನೂ ತಂದೆಯವರ ಹೆಸರಲ್ಲೇ ಇದೆ ಅಂತ ಊಹಿಸುತ್ತೇನೆ.

ಕ್ರಯಪತ್ರ ತಂದೆಯವರ ಹೆಸರಲ್ಲಿದ್ದು, ವಿಲ್ ಬರೆಯದೆ ತೀರಿಕೊಂಡಿದ್ದರೆ, ಅಜ್ಜಿ ಅಂದರೆ ತಂದೆಯವರ ತಾಯಿ ಈಗಾಗಲೇ ಇಲ್ಲ ಅಂತಾದರೆ, ನಿಮ್ಮ ತಾಯಿ, ನೀವು, ತಮ್ಮ ಮೂವರಿಗೂ ಸಮಪಾಲು. ಹೆಣ್ಣುಮಗಳು ಮದುವೆಯಾಗಿ ಹೋದವಳು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ಮೂವರ ಹೆಸರಿಗೆ ಖಾತೆ ಮಾಡಿಸಿ. ಪಟ್ಟಣ ಪಂಚಾಯಿತಿ ವ್ಯಾಪ್ತಿಯಾದರೆ ಅಲ್ಲಿಂದ ಇ-ಖಾತೆ, ಗ್ರಾಮ ಪಂಚಾಯಿತಿಗೆ ಸೇರಿದ್ದರೆ ಇ-ಸ್ವತ್ತಿನ 9 ಮತ್ತು 11ರ ನಮೂನೆ. ಪೇಟೆಯ ಅಂಚು ಅಂದಿದ್ದೀರಿ, ಯಾವುದಕ್ಕೆ ಸೇರಿದೆ ಅಂತ ಕಂದಾಯದ ರಸೀದಿ ನೋಡಿದರೆ ಗೊತ್ತಾಗುತ್ತದೆ. ಇದಿಲ್ಲದೆ ನೋಂದಣಿ ಮುಂದೆ ಹೋಗುವುದಿಲ್ಲ. ಋಣಭಾರ ಪತ್ರ (ಇಸಿ) ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲೇ ತೆಗೆಯಬಹುದು. ಹಿಂದೆ ಬ್ಯಾಂಕಿನಲ್ಲಿ ಸಾಲ ಇದ್ದು ತೀರಿಸಿದ್ದರೆ ಅದೂ ಅದರಲ್ಲಿ ಕಾಣಬೇಕು. ತಮ್ಮನಿಗೆ ಪುಣೆಯಿಂದ ಬರಲಾಗದಿದ್ದರೆ ಅಧಿಕಾರ ಪತ್ರ ಬರೆಸಿ ಕಳಿಸಲಿ. ಕಂದಾಯ, ಕರೆಂಟ್ ಬಿಲ್ ಬಾಕಿ ಇರಬಾರದು. ಖಾಲಿ ಮನೆ ಅಂತ ಕರೆಂಟ್ ಮಾತ್ರ ತೆಗೆಸಬೇಡಿ, ಮೋಟರ್ ಓಡಿಸಿ ತೋರಿಸಲು ಬೇಕು.

ಮಾರಾಟದ ಲಾಭದ ಮೇಲಿನ ತೆರಿಗೆ ಬಗ್ಗೆ ಎರಡೇ ಮಾತು. 2001ಕ್ಕಿಂತ ಮೊದಲಿನ ಆಸ್ತಿಗೆ 1987ರ ಬೆಲೆಯ ಬದಲು 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆ ಹಿಡಿಯಬಹುದು. 2024ರ ಜುಲೈ 23ಕ್ಕಿಂತ ಮೊದಲು ಬಂದ ಮನೆಗೆ, ಬೆಲೆ ಏರಿಕೆ ಕಳೆದು (ಇಂಡೆಕ್ಸೇಶನ್) ಶೇಕಡಾ 20, ಇಲ್ಲವೇ ಕಳೆಯದೆ ಶೇಕಡಾ 12.5, ಯಾವುದು ಕಡಿಮೆಯೋ ಅದು. ಹಳೆ ಮನೆಗೆ ಎರಡೂ ಲೆಕ್ಕ ಹಾಕಿಸಿಯೇ ನೋಡಿ. ಮೂವರೂ ಅವರವರ ಪಾಲಿಗೆ ಕಟ್ಟಬೇಕು. ರಿಪೇರಿ ರಸೀದಿಗಳನ್ನೂ ಆಡಿಟರ್‌ಗೆ ತೋರಿಸಿ.

ಬೀಗದಕೈ_ಹಾಸನ · ಫೆಬ್ರವರಿ 15

ತುಂಬಾ ಜನ ಏನಾಯಿತು ಅಂತ ಕೇಳಿದ್ದೀರಿ. ಬರೆಯುವುದು ತಡವಾಯಿತು.

ಪಕ್ಕದ ಮನೆಯ ಅಕ್ಕನಿಗೆ ಕೀ ಕೊಟ್ಟೆ. ಸುಮ್ನೆ ಮಾಡುತ್ತೇನೆ ಅಂದರು, ನಾನು ಒಪ್ಪಲಿಲ್ಲ, ತಿಂಗಳಿಗೆ ಎಂಟುನೂರು ಅಂತ ಮಾತಾಯಿತು. ಸುಮ್ನೆ ಮಾಡುವ ಕೆಲಸಕ್ಕೆ ನಾನು ಕೇಳುವ ಹಾಗಿರುವುದಿಲ್ಲ ಅಲ್ವಾ. ಪ್ರತಿ ಭಾನುವಾರ ಅವರು ಕಿಟಕಿ ತೆಗೆದು, ಒಲೆ ಹಚ್ಚಿ, ಟ್ರಾಪ್‌ಗಳಿಗೆ ನೀರು ಹಾಕಿ, ಮೋಟರ್ ಓಡಿಸುತ್ತಾರೆ. ಹಂಡೆ ನೀರು ವ್ಯರ್ಥ ಯಾಕೆ ಅಂತ ಅವರ ಮಕ್ಕಳಿಗೆ ಅಲ್ಲೇ ತಲೆಸ್ನಾನ. ಖಾಲಿ ಮನೆಯ ಅಂಗಳದಲ್ಲಿ ಟವೆಲ್ ಒಣಗುತ್ತಿರುವ ಫೋಟೋ ವಾಟ್ಸಾಪ್‌ಗೆ ಬರುತ್ತದೆ, ಅಮ್ಮ ಅದನ್ನು ದೊಡ್ಡದು ಮಾಡಿ ಮಾಡಿ ನೋಡುತ್ತಾರೆ.

ಏಳು ಹೆಂಚು ಬದಲಾಯಿಸಿದ್ದು ಒಂದೇ ದಿನದ ಕೆಲಸ. ಹಳೆ ಹೆಂಚು ಹೊಂದಿಸಲು ಮಾತ್ರ ಮೂರು ಗುಜರಿ ಸುತ್ತಿದೆ, ಕಂಕುಳಲ್ಲಿ ಹೆಂಚು ಇಟ್ಟುಕೊಂಡು ಬಸ್ ಹತ್ತಿದವಳನ್ನು ಕಂಡಕ್ಟರ್ ಲಗೇಜ್ ಕೊಡಿ ಅಂತ ರೇಗಿಸಿದರು. ಕುಟ್ಟೆ ಹಿಡಿದ ಎರಡರಲ್ಲಿ ಒಂದು ಪಕಾಸು ಬದಲಾಯಿತು, ಇನ್ನೊಂದು ಚೇಗಿನವರೆಗೆ ಹೋಗಿರಲಿಲ್ಲ. ಪ್ಲಾಸ್ಟಿಕ್ ಹಾಳೆಯನ್ನು ಡಿಸೆಂಬರಲ್ಲಿ ಅಂಟಿಸಿದಾಗ ಒಳಮೈಯಲ್ಲಿ ನೀರು, ಜನವರಿ ಕೊನೆಗೆ ಒಣ. ಆಮೇಲೆ ಸುಣ್ಣ. ಮಣ್ಣು ಕೆತ್ತಿಸಿದ್ದು, ಮರ, ಹೆಂಚು, ಸುಣ್ಣ, ಗೇರೆಣ್ಣೆ, ಕೂಲಿ ಎಲ್ಲ ಸೇರಿ ಮೂವತ್ತೊಂದು ಸಾವಿರ. ಪ್ಲಾಸ್ಟಿಕ್ ಪೇಂಟಿಗಿಂತ ಕಡಿಮೆ. ಆ ಪೇಂಟ್ ಕೆರೆಯುವುದಕ್ಕೇ ಅದರಲ್ಲಿ ಆರು ಸಾವಿರ ಹೋಯಿತು ಅನ್ನುವುದು ಬೇರೆ ಮಾತು.

ಖಾತೆ ಮೂವರ ಹೆಸರಿಗೆ ಬಂದಿದೆ. ವಂಶವೃಕ್ಷದಲ್ಲಿ ತಮ್ಮನ ಹೆಸರಿನ ಒಂದು ಅಕ್ಷರ ತಪ್ಪಾಗಿ ಮೂರು ವಾರ ತಿಂದಿತು. ಆ ಕಥೆ ಬೇಡ.

ಜನವರಿಯ ಒಂದು ಭಾನುವಾರ ಬಣಕಲ್ ಮೇಷ್ಟ್ರು ಸ್ಕೂಟರಲ್ಲಿ ಆ ದಾರಿಯಲ್ಲಿ ಹೋಗುತ್ತಿದ್ದರಂತೆ. ನಮ್ಮ ಹೆಂಚಿನ ಸಂದಿಯಿಂದ ಹೊಗೆ ಏಳುವುದು ಕಂಡು, ಅಯ್ಯೋ ಯಾರೋ ಬಂದುಬಿಟ್ಟರು, ಮನೆ ಮಾರಾಟ ಆಗಿದೆ ಅಂದುಕೊಂಡು ನಿಲ್ಲಿಸಿ ವಿಚಾರಿಸಿದ್ದಾರೆ. ಪಕ್ಕದ ಮನೆ ಅಕ್ಕ ಒಳಗೆ ಕರೆದು ಹಂಡೆ ನೀರಲ್ಲೇ ಕೈಕಾಲು ತೊಳೆಸಿ ಕಾಫಿ ಕೊಟ್ಟಿದ್ದಾರೆ. ಮುಂದಿನ ವಾರ ಹೆಂಡತಿಯನ್ನು ಕರೆದುಕೊಂಡು ಬಂದರು. ಈ ಸಲ ನಾನು ಊದುಬತ್ತಿ ಹಚ್ಚಲಿಲ್ಲ. ಕಾಫಿ ಮೂಟೆಯ ಕಥೆ ಹೇಳಿ, ಅಟ್ಟ ಹತ್ತಿಸಿ, ಬದಲಾಯಿಸಿದ ಪಕಾಸು, ಸೀಮೆಸುಣ್ಣದ ಗುರುತು ಎಲ್ಲ ತೋರಿಸಿದೆ. ಏಪ್ರಿಲ್‌ನಲ್ಲಿ ಹೆಂಚು ಪೂರ್ತಿ ಕೈಯಾಡಿಸಬೇಕು ಅನ್ನುವುದನ್ನೂ ಹೇಳಿದೆ. ಅದರ ಖರ್ಚು ಲೆಕ್ಕ ಹಾಕಿ ಅವರು ಇಳಿಸಿ ಕೇಳಿದರು, ಅಮ್ಮ ಅರ್ಧ ಒಪ್ಪಿದರು. ರೇಟು ಇಲ್ಲಿ ಬರೆಯುವುದಿಲ್ಲ, ಅಮ್ಮ ಬೈಯುತ್ತಾರೆ. ಮೊನ್ನೆ ಕರಾರು ಆಗಿ ಮುಂಗಡ ಬಂದಿದೆ. ನೋಂದಣಿ ಮಾರ್ಚ್‌ನಲ್ಲಿ, ಯುಗಾದಿಗೆ ಮುಂಚೆ ಒಕ್ಕಲಾಗಬೇಕಂತೆ.

ಒಂದೇ ಒಂದು ತಕರಾರು. ಕರಾರು ಬರೆಯುವಾಗ ಮೇಷ್ಟ್ರ ಹೆಂಡತಿ "ಆ ತಾಮ್ರದ ಹಂಡೆ ಒಲೆ ಜೊತೆಗೇ ಬಿಡ್ತೀರಲ್ವಾ?" ಅಂದರು. ಅಮ್ಮ ತಕ್ಷಣ "ಇಲ್ಲಮ್ಮ" ಅಂದರು. ಅದು ಅವರ ತವರಿನಿಂದ ಬಂದದ್ದು. ಹಾಸನದ ನಮ್ಮ ಮನೆಯಲ್ಲಿ ಒಲೆಯೂ ಇಲ್ಲ, ಇಡಲು ಜಾಗವೂ ಇಲ್ಲ. ಬಾಲ್ಕನಿಯಲ್ಲಿ ಇಟ್ಟುಕೊಳ್ಳುತ್ತಾರಂತೆ. ಅದೇ ಅಳತೆಯ ಅಲ್ಯೂಮಿನಿಯಂ ಹಂಡೆ ತಂದು ಒಲೆಗೆ ಕೂರಿಸಿ ಕೊಡುವುದು ಅಂತ ಒಪ್ಪಂದ ಆಗಿದೆ. ಒಲೆಯ ಬಾಯಿ ಇಪ್ಪತ್ತೆರಡು ಇಂಚು. ಚಿಕ್ಕಮಗಳೂರಿನಲ್ಲಿ ಎಲ್ಲಿ ಸಿಗುತ್ತದೆ, ಗೊತ್ತಿದ್ದವರು ಹೇಳಿ.